ಕನ್ನಡಕದ ಡಬ್ಬಿಯ ಹುಳು

ಏಪ್ರಿಲ್ ೧೨, ಭಾನುವಾರ

ವಾರಗಿತ್ತಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಇಲ್ಲಿಯಾದರೂ ನಿಜ ಬರೆಯುತ್ತೇನೆ.

ನಾವಿಬ್ಬರೂ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತೇವೆ. ಬೇಸಿಗೆಯ ಪಾಠಕ್ಕೆಂದು ನಾನು ವಾರವಿಡೀ ಕೂತು, ಬಣ್ಣದ ಪೆನ್ಸಿಲಿನಲ್ಲಿ ವೇಳಾಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಮಗಳು ಅದರತ್ತ ಕಣ್ಣೆತ್ತಿಯೂ ನೋಡಿಲ್ಲ. ಇವತ್ತು ಅವಳನ್ನು ಕರೆದುಕೊಂಡು ವಾರಗಿತ್ತಿಯ ಮನೆಗೆ ಹೋದರೆ, ಮಕ್ಕಳೆಲ್ಲ ಕುಂಡದ ನಿಂಬೆ ಗಿಡದ ಸುತ್ತ ಉಸಿರು ಬಿಗಿಹಿಡಿದು ಕೂತಿದ್ದರು. ಎಲೆಯ ಮೇಲೊಂದು ಹಸಿರು ಹುಳು.

“ನಾನೇನೂ ಪ್ಲಾನ್ ಮಾಡಿಲ್ಲ ಅಕ್ಕಾ, ಇದು ಚಿಟ್ಟೆ ಆಗೋದನ್ನ ನೋಡಿದ್ರೆ ಈ ಬೇಸಿಗೆಗೆ ಸಾಕು,” ಅಂದಳು.

ಏನೂ ಮಾಡಿಲ್ಲವಂತೆ! ಮೈಯೆಲ್ಲ ಉರಿಯಿತು. ಸಾಲದ್ದಕ್ಕೆ ನನ್ನ ಮಗಳು, “ಅಮ್ಮಾ, ಬೇಸಿಗೆ ಪೂರ್ತಿ ಚಿಕ್ಕಮ್ಮನ ಹತ್ರಾನೇ ಕಲೀಲಾ?” ಅಂತ ಕೇಳಿದಳು.

ಎಲ್ಲರೂ ಒಳಗೆ ಹೋದಾಗ ಅದೇ ಗಿಡದಲ್ಲಿದ್ದ ಇನ್ನೊಂದು ಹುಳುವನ್ನು ಎಲೆಯ ಸಮೇತ ಕಿತ್ತು ಕನ್ನಡಕದ ಡಬ್ಬಿಗೆ ಹಾಕಿಕೊಂಡೆ. ಈ ವಯಸ್ಸಿನಲ್ಲಿ ಹುಳು ಕದ್ದೆ.

ಮನೆಗೆ ಬಂದು ಅದನ್ನು ಗಾಜಿನ ಬಾಟಲಿಗೆ ಬಿಟ್ಟು, ಗುಲಾಬಿ ಎಲೆ ಹಾಕಿ, “ನೋಡು, ನಮ್ಮನೇಲೂ ಇದೆ,” ಅಂದೆ. ಮಗಳು ಬಗ್ಗಿ ನೋಡಿದಳು.

“ಇದು ನಿಂಬೆ ಎಲೇನೇ ತಿನ್ನೋದು ಅಮ್ಮಾ. ಚಿಕ್ಕಮ್ಮ ಹೇಳಿಕೊಟ್ಟಿದ್ದಾರೆ.”

ಅದನ್ನೂ ಅವಳೇ ಹೇಳಿಕೊಡಬೇಕೇ!

ಹುಳು ಗುಲಾಬಿ ಎಲೆಯನ್ನು ಮೂಸಿಯೂ ನೋಡಿಲ್ಲ. ಜೊತೆಗೆ ಬಂದ ನಿಂಬೆ ಎಲೆ ಆಗಲೇ ಖಾಲಿ. ಈ ಬೀದಿಯಲ್ಲಿ ನಿಂಬೆ ಗಿಡ ಇರುವುದು ಅವಳೊಬ್ಬಳ ಮನೆಯಲ್ಲೇ. ಬೆಳಗಾದರೆ ಯಾವ ಮುಖ ಹೊತ್ತು ಅವಳ ಬಾಗಿಲು ತಟ್ಟಿ, ಏನಂತ ಕೇಳಲಿ…