ನೀರಗಂಟಿಯ ತಂಗಿ ಕಾಲೇಜಿಗೆ ಹೋದದ್ದು

ವಸಂತಪುರ,
ಗುರುವಾರ, ೧೪ ನವೆಂಬರ್ ೨೦೨೪

ಪ್ರೀತಿಯ ಅಣ್ಣಯ್ಯನಿಗೆ ನಿನ್ನ ತಂಗಿ ಅಕ್ಕಯಮ್ಮನ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಹಲಗೂರಿನಲ್ಲಿ ಈ ಸಲ ಚಳಿ ಬೇಗ ಬಂತೆಂದು ಅತ್ತಿಗೆ ಹೇಳಿದರು. ಎಣ್ಣೆ ಹಚ್ಚಿಸಿಕೊಳ್ಳಲು ಹಟ ಮಾಡಬೇಡ. ಫೋನಿರುವಾಗ ಕಾಗದ ಯಾಕೆ ಅನ್ನಬೇಡ. ಫೋನಿನಲ್ಲಿ ಎರಡು ಸಲ ‘ಹೂಂ’ ಅಂದು ಅತ್ತಿಗೆ ಕೈಗೆ ಕೊಟ್ಟುಬಿಡುತ್ತೀಯ. ಕಾಗದವಾದರೆ ಕೊನೆತನಕ ಓದುತ್ತೀಯ.

ಇವತ್ತು ನಾನು ಕಾಲೇಜಿಗೆ ಹೋಗಿದ್ದೆ! ನಗಬೇಡ. ನನ್ನ ಮೊಮ್ಮಗಳು, ನಮ್ಮ ಚಿದಾನಂದನ ಮಗಳು ಪ್ರಕೃತಿ ಬನಶಂಕರಿ ಕಡೆಯ ಒಂದು ಕಾಲೇಜಿನಲ್ಲಿ ಊರುಗಳನ್ನು ಹೇಗೆ ಕಟ್ಟಬೇಕೆಂಬ ಪಾಠ ಮಾಡುತ್ತಾಳಲ್ಲ, ಅವಳೇ ಕರೆದುಕೊಂಡು ಹೋದಳು. ಅವಳೂ ಅವಳ ವಿದ್ಯಾರ್ಥಿಗಳೂ ಸೇರಿ ಹಳೆಯ ಸರ್ವೆ ನಕ್ಷೆ ನೋಡಿಕೊಂಡು ಕಂಪ್ಯೂಟರಿನೊಳಗೆ ನಮ್ಮೂರನ್ನು ಕಟ್ಟಿದ್ದಾರೆ. ಕೆರೆ, ಏರಿ, ಕಾಲುವೆ, ಗದ್ದೆ ಎಲ್ಲ ಇವೆ. ಡಬ್ಬಿಯಂಥ ಒಂದು ಕನ್ನಡಕ ಕಟ್ಟಿಕೊಂಡರೆ ಅದರೊಳಗೇ ನಿಂತಂತಾಗುತ್ತದೆ. ಮಕ್ಕಳು ಅಲ್ಲಿ ಮಳೆ ಸುರಿಸಿ, ತೂಬು ಎತ್ತಿ, ನೀರು ಎತ್ತ ಹರಿಯುತ್ತದೆಂದು ನೋಡಿ ಕಲಿಯುತ್ತಾರೆ. “ಇದ್ರೊಳಗೆ ತಪ್ಪು ಮಾಡಿದ್ರೆ ಯಾರ ಮನೆಗೂ ನೀರು ನುಗ್ಗಲ್ಲ ಅಜ್ಜಿ, ಅದಕ್ಕೇ ಎಲ್ಲಾ ತಪ್ಪೂ ಇಲ್ಲೇ ಮಾಡಿಸ್ತೀನಿ” ಅಂದಳು.

ಕನ್ನಡಕ ಕಟ್ಟಿದ ಕೂಡಲೇ ನಾನು ಏರಿಯ ಮೇಲಿದ್ದೆ ಅಣ್ಣಯ್ಯ. ಈಗ ಅಪಾರ್ಟ್‌ಮೆಂಟ್ ಎದ್ದಿರುವ ಕಡೆಯೆಲ್ಲ ನೀರು, ಆಚೆ ದಡದಲ್ಲಿ ಹಿಪ್ಪೆಮರಗಳ ಸಾಲು. ಒಂದು ಹೆಜ್ಜೆ ಇಳಿದವಳು ಒದ್ದೆಯಾದೀತೆಂದು ಸೀರೆಯ ನಿರಿಗೆ ಎತ್ತಿ ಹಿಡಿದೆ. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಅವರ ತಪ್ಪುಗಳೂ ಕಂಡವು. ಕೆರೆಯ ತುಂಬ ಬಿಳಿ ಬಾತುಕೋಳಿ ಬಿಟ್ಟಿದ್ದರು. ನಮ್ಮೂರಿನಲ್ಲಿ ಯಾರು ಬಾತುಕೋಳಿ ಸಾಕಿದ್ದರು? ತೆಗೆಸಿದೆ. ಮೇಲಿನ ಹೊಲಕ್ಕೂ ಭತ್ತ ನೆಟ್ಟಿದ್ದರು. “ಅದು ರಾಗಿ ಹೊಲ ಕಣ್ರವ್ವಾ” ಅಂದೆ. ನಾನು ನೋಡುತ್ತಿದ್ದಂತೆಯೇ ಹೊಲ ರಾಗಿಯಾಯಿತು. ಕಲಬುರ್ಗಿಯ ಶ್ವೇತ ಎಂಬ ಹುಡುಗಿ ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋಗಿದ್ದಳು. ಅಲ್ಲಿಂದಲೇ ತಾನೂ ಕನ್ನಡಕ ಕಟ್ಟಿಕೊಂಡು ಗೊಂಬೆಯ ರೂಪದಲ್ಲಿ ಬಂದು ನನ್ನ ಪಕ್ಕ ನಿಂತು ಪಾಠ ಕೇಳಿದಳು. ಏಳನೇ ಕ್ಲಾಸಿಗೆ ಬಿಟ್ಟ ನಾನು ಮೇಷ್ಟರಮ್ಮನಾದೆ ನೋಡು.

ಕೆರೆ ನೀರನ್ನು ಯಾರು ಹಂಚುತ್ತಿದ್ದರು ಎಂದು ಕೇಳಿದರು. ಆಗ ನಿನ್ನ ವಿಷಯ ಹೇಳಿದೆ. ಊರಿಗೆಲ್ಲ ನೀನೊಬ್ಬನೇ ನೀರಗಂಟಿ. ಹೊತ್ತು ಮೂಡುವ ಮೊದಲೇ ಗುದ್ದಲಿ ಹೆಗಲಿಗಿಟ್ಟು ಹೊರಡುತ್ತಿದ್ದದ್ದು, ಒಂದು ಗದ್ದೆ ತುಂಬಿದ ಮೇಲೆ ಕಾಲಿನಲ್ಲೇ ಮಣ್ಣು ತಳ್ಳಿ ಕಾಲುವೆ ಕಟ್ಟುತ್ತಿದ್ದದ್ದು, ನೀರು ಕಮ್ಮಿಯಾದ ವರ್ಷ ಕಟ್ಟಕಡೆಯ ಗದ್ದೆಗೆ ಮೊದಲು ಬಿಟ್ಟು, ನಮ್ಮ ಪೈರು ಹಳದಿ ತಿರುಗಿದರೂ ನಮ್ಮದನ್ನು ಕೊನೆಗಿಟ್ಟದ್ದು. ಆಗ ನಾನು ನಿನ್ನ ಮೇಲೆ ಸಿಟ್ಟಾಗಿ ಉಣ್ಣದೆ ಮಲಗಿದ್ದೆ. ಮಕ್ಕಳು ಅದನ್ನೇ ಪುಸ್ತಕದಲ್ಲಿ ಬರೆದುಕೊಂಡರು.

ಆಮೇಲೆ ಶ್ವೇತ ಕೇಳಿದಳು, “ಅಜ್ಜಿ, ಇಷ್ಟ್ ಛಂದ ಕೆರಿ ಹ್ಯಾಂಗ ಬತ್ತಿತ್ರಿ?” ಏನು ಹೇಳಲಿ? ಒಂದು ಬೆಳಿಗ್ಗೆ ತೂಬು ಒಡೆದು ಕೆರೆಯೆಲ್ಲ ಬರಿದಾಗಿದ್ದದ್ದು, ನೀರಗಂಟಿ ಮೈಮರೆತನೆಂದು ಊರೇ ಕೂಗಾಡಿದ್ದು, ನೀನು ಮರುಮಾತಾಡದೆ ಅತ್ತಿಗೆಯನ್ನು ಕರೆದುಕೊಂಡು ಅವರ ಊರಿಗೆ ಹೊರಟುಹೋದದ್ದು. ಮೂವತ್ತು ವರ್ಷ ದಾಟಿದರೂ ನೀನು ಈ ಕಡೆ ತಲೆ ಹಾಕಲಿಲ್ಲ. “ಬಾಳಾ ದಿನ ಆಯ್ತವ್ವಾ” ಅಂದವಳೇ ಕನ್ನಡಕ ಬಿಚ್ಚಿಬಿಟ್ಟೆ. ಕಣ್ಣೆದುರು ಬರೀ ಗೋಡೆ, ಕುರ್ಚಿಗಳು.

ಬರುವ ಗುರುವಾರ ಮತ್ತೆ ಪಾಠಕ್ಕೆ ಕರೆದಿದ್ದಾರೆ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಮೊಮ್ಮಕ್ಕಳಿಗೆ ಆಶೀರ್ವಾದ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ತಂಗಿ,
ಅಕ್ಕಯಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬರಲಿಲ್ಲ: ಅವತ್ತು ತೂಬು ಒಡೆಸಿದ್ದು ನಮ್ಮ ಯಜಮಾನರು. ಕೆರೆ ಬತ್ತಿದರೆ ಲೇಔಟ್ ಆಗುತ್ತದೆಂಬ ಆಸೆ. ಬೆಳಗಿನ ಜಾವ ಮೊಣಕಾಲುದ್ದ ಕೆಸರಿನಲ್ಲಿ ಬಂದವರ ಕಾಲಿಗೆ ನೀರು ಹಾಕಿದ್ದು ನಾನೇ. ಅವರಿರುವ ತನಕ ಹೆದರಿ ಸುಮ್ಮನಿದ್ದೆ, ಹೋದ ಮೇಲೆ ನಾಚಿಕೆಯಿಂದ ಸುಮ್ಮನಿದ್ದೆ. ನಿನ್ನ ಹೆಸರು ಕೆಡುವುದನ್ನು ಬಾಯಿ ಮುಚ್ಚಿಕೊಂಡು ನೋಡಿದೆ. ಅವಳ ತಾತನ ಈ ಸಂಗತಿಯನ್ನು ಸಂಜೆ ಪ್ರಕೃತಿಗೆ ಹೇಳಿದೆ. ತುಂಬಾ ಅತ್ತಳು, ಆಮೇಲೆ “ಕ್ಲಾಸಲ್ಲೂ ಹೇಳಿ ಅಜ್ಜಿ” ಅಂದಳು. ಗುರುವಾರ ಹೇಳುತ್ತೇನೆ. ನಿನ್ನನ್ನು ಅಂದವರಲ್ಲಿ ಈಗ ಜಯದೇವಪ್ಪ, ಗುಂಡಣ್ಣ ಇಬ್ಬರೇ ಉಳಿದಿದ್ದಾರೆ. ಅವರಿಗೂ ಬರಹೇಳಿದ್ದೇನೆ. ನೀನು ಬಂದರೂ ಸರಿ, ಬಾರದಿದ್ದರೂ ಸರಿ ಅಣ್ಣಯ್ಯ, ಅವರ ಎದುರಿಗೇ ಹೇಳುತ್ತೇನೆ.