ವಾಫ್ ಎಂಬ ಪದ

ಫೆಬ್ರವರಿ 3, ಚನ್ನಗಿರಿ

ಬೆಳಿಗ್ಗೆ ಒಂದು ಇಂಗ್ಲಿಷ್ ಕಾದಂಬರಿಯ ಕನ್ನಡ ಅನುವಾದ ಓದಿದೆ, ಇಪ್ಪತ್ತು ಪುಟ. ಅನುವಾದ ಚೆನ್ನಾಗಿದೆ. ಒಂದು ಪದ ಮಾತ್ರ ಇಂಗ್ಲಿಷಿನಲ್ಲಿದ್ದಂತೆಯೇ ಬಿಟ್ಟಿದ್ದಾರೆ — ವಾಫ್. ಅಡಿಟಿಪ್ಪಣಿ ಇಲ್ಲ.

ಫೆಬ್ರವರಿ 5

ಕಾಲೇಜು ಲೈಬ್ರರಿಯ ದೊಡ್ಡ ಡಿಕ್ಷನರಿ ತೆಗೆಸಿದೆ. ಉತ್ತರ ಇಂಗ್ಲೆಂಡಿನ ಹಳೆಯ ಮಾತು. ಮೂಲದಲ್ಲಿ ಬೀಸುವುದು, ಅಲ್ಲಾಡುವುದು. ಆಮೇಲೆ ಗಾಳಿಯ ಒಂದು ಎಳೆ. ಆಮೇಲೆ ಕಣ್ಣಂಚಿನಲ್ಲಿ ಸುಳಿದದ್ದು. ಕೊನೆಗೆ — ಬದುಕಿರುವವರ ರೂಪ, ಅವರಿಲ್ಲದ ಕಡೆ ಕಾಣುವುದು. ಕಂಡರೆ, ಆ ಮನುಷ್ಯನಿಗೆ ಸಾವು ಹತ್ತಿರ.

ಕನ್ನಡದಲ್ಲಿ? ನೆರಳು ಅಲ್ಲ. ದೆವ್ವ ಅಂತೂ ಅಲ್ಲ, ಅದು ಸತ್ತವರದ್ದು. ಬಿಟ್ಟದ್ದೇ ಸರಿ.

ಫೆಬ್ರವರಿ 11, ಬೆಳಿಗ್ಗೆ 9.40

ಜಗಳೂರಿನಿಂದ ಭಾವ ಕೊಟ್ರಬಸಪ್ಪನವರ ಫೋನ್. "ಶಾಂತಲಾ, ನಿಮ್ಮಕ್ಕ ಹೋಗಿಬಿಟ್ಲು ಕಣಮ್ಮ."

"ಎಷ್ಟು ಹೊತ್ತಿಗೆ?" ಅಂದೆ.

ಅವರ ಹಿಂದಿನಿಂದ ನಿರ್ಮಲಕ್ಕನದೇ ದನಿ — "ಟೈಮ್ ಕೇಳ್ತಾಳಲ್ರೀ! ನಾನೇನು ಬಸ್ಸಾ?"

ಕಾಗೆ ಅವಳ ತಲೆಗೆ ಬಡಿದಿದೆ. ಸತ್ತಳೆಂದು ಸುಳ್ಳು ಸುದ್ದಿ ಕೊಡಬೇಕು, ಒಡಹುಟ್ಟಿದವರು ನಂಬಿ ಅಳಬೇಕು, ಆಗ ದೋಷ ಕಳೆಯುತ್ತದೆ. ಒಡಹುಟ್ಟಿದವಳು ನಾನೊಬ್ಬಳೇ.

"ಈಗಾದ್ರೂ ಅಳೇ, ಒಂದೀಟು."

"ನೀನೇ ಮಾತಾಡ್ತಿದೀಯ. ಹೆಂಗೆ ಅಳ್ಲಿ?"

ನಕ್ಕಳು. ಅವಳ ನಗು ಹಾಗಿರುವುದಿಲ್ಲ.

ಫೆಬ್ರವರಿ 19

ಅಕ್ಕನಿಗೆ ಆರು ದಿನದಿಂದ ಜ್ವರ. ಡಾಕ್ಟರಿಗೆ ಏನೂ ಗೊತ್ತಾಗುತ್ತಿಲ್ಲ. "ಅದನ್ನೇ ಮನಸ್ಸಿಗೆ ಹಚ್ಕಂಡು ಕುಂತಾಳಮ್ಮ," ಭಾವ ಹೇಳಿದರು. "ನೀನು ಅವತ್ತು ಅತ್ತಿದ್ರೆ…"

ಬಾಗಿಲು ಹಾಕಿಕೊಂಡು ಪ್ರಯತ್ನಿಸಿದೆ. ಅವಳು ಮಲಗಿದಂತೆ, ಹೂವಿನ ಹಾರ ಹಾಕಿದಂತೆ… ಒಂದು ಹನಿ ಇಲ್ಲ.

ಫೆಬ್ರವರಿ 20, ಹೊನ್ನಾಳಿ

ಇಡೀ ದಿನ ಕಾಲೇಜು ಕೆಲಸದ ಟ್ರೈನಿಂಗ್. ಸಂಜೆ ಐದೂವರೆಗೆ ಸಹಿ ಹಾಕಿಸಿಕೊಂಡು ಬಿಟ್ಟರು. ನಾಳೆ ಜಗಳೂರಿಗೆ ಹೋಗಬೇಕು. ಅವಳೆದುರು ಕೂತರೆ ಅಳು ಬಂದೀತು.

ಫೆಬ್ರವರಿ 21, ಜಗಳೂರು, ಮಧ್ಯಾಹ್ನ 2.15

ಅಕ್ಕ ಒಲೆ ಮುಂದೆ, ರೊಟ್ಟಿ ಬಡಿಯುತ್ತಿದ್ದಳು. ಜ್ವರ ಇಲ್ಲ.

"ಮತ್ತೆ ಬಂದ್ಯಾ? ಇವತ್ತಾದ್ರೂ ಉಂಡು ಹೋಗು."

"ಮತ್ತೆ ಅಂದ್ರೆ?"

"ನಿನ್ನೆ ನಾಕು ಗಂಟೆಗೆ ಬಂದಿದ್ಯಲ್ಲೇ! ಬಾಗ್ಲಲ್ಲೇ ನಿಂತು, ಅಬ್ಬಾ, ಏನು ಅಳು ನಿಂದು! ನೀರು ಕೊಟ್ರೆ ಕುಡೀಲಿಲ್ಲ, ಮಾತಿಲ್ಲ. ನೀನು ಅತ್ಲಾಗೆ ಹೋದೆ, ಇತ್ಲಾಗೆ ಜ್ವರ ಬಿಡ್ತು."

ಭಾವನೂ ನೋಡಿದ್ದಾರೆ. "ನಿನ್ನಲ್ಲೂ ಅಷ್ಟು ಕಣ್ಣೀರು ಐತೆ ಅಂತ ಗೊತ್ತಿರ್ಲಿಲ್ಲ," ಅಂದರು.

ನಾಲ್ಕಕ್ಕೆ ಹೊನ್ನಾಳಿಯಲ್ಲಿದ್ದೆ.

ಅಕ್ಕನಿಗೆ ಆ ಪದದ ಅರ್ಥ ಹೇಳಿಲ್ಲ. ಹೇಳಿದರೆ ಅಳುತ್ತಾಳೆ… ಅವಳು ಅತ್ತರೆ ನನ್ನ ದೋಷವೂ ಕಳೆಯುತ್ತದೋ ಏನೋ. ಕೇಳಲೇ? ನಡುಮನೆಯ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಕ ಅಡುಗೆಮನೆಯಿಂದ ಹಿತ್ತಲ ಬಾಗಿಲ ಕಡೆ ತಿರುಗಿ ಕರೆಯುತ್ತಿದ್ದಾಳೆ — "ಅಲ್ಲಿ ಯಾಕೆ ನಿಂತ್ಕಂಡೆ ಶಾಂತಲಾ, ಒಳಗೆ ಬಾರೇ…"

ನಾನು ಇಲ್ಲೇ