ಗೋಡೆಯಾಚೆ ಇಳಿದ ಕುಂಡೆಕುಸ್ಕ

ಕೌದಳ್ಳಿ, ೧೪-೧೦-೧೯೬೨
ಸ್ಕೂಲಿಗೆ ರಜೆ. ಅಂಗಳದ ನಡುವಿನ ಗೋಡೆ ಮುಗಿಯಿತು. ಆಳೆತ್ತರ ಇರಲಿ ಎಂದೆ. ತಮ್ಮ ಷಡಕ್ಷರಿ ಎದೆಮಟ್ಟಕ್ಕೇ ನಿಲ್ಲಿಸಿದ, ಜಿಪುಣ. ಅವ್ವ ಅವನ ಪಾಲಿಗೆ ಹೋದಳು. ಮೊಮ್ಮಕ್ಕಳು ಅಲ್ಲಿವೆಯಂತೆ. ಇಲ್ಲಿ ನಾನು, ಹೆಂಡತಿ ಶಂಕರಮ್ಮ, ಅಷ್ಟೆ. ಪೀಡೆ ಕಳೆಯಿತು.

೨-೧೧
ಚಳಿಗೆ ಕುಂಡೆಕುಸ್ಕ ಬಂದಿದೆ. ಗುಬ್ಬಿಯಷ್ಟು ಹಕ್ಕಿ, ಸದಾ ಬಾಲ ಆಡಿಸುತ್ತದೆ. ಅದು ಬಾಲದಲ್ಲಿ ಗುಡಿಸಿದ ಅಂಗಳದಲ್ಲಿ ತೊಟ್ಟಿಲು ತೂಗುತ್ತದೆಂದು ಅವ್ವನ ನಂಬಿಕೆ. ಇಳಿದದ್ದು ಅವರ ಕಡೆ.
ಶಂಕರಮ್ಮನಿಗೆ ಕೇಳಲೆಂದೇ ಅವ್ವ ಕೂಗಿದಳು: "ಬಂಜೆ ಅಂಗ್ಳಕ್ಕೆ ಅದ್ಯಾಕ್ ಇಳಿದಾತು ಕಣ್ಲಾ ಷಡಕ್ಷರಿ?"
ಅವನು ನಕ್ಕ. ನಾಯಿ.

೯-೧೧
ಶಂಕರಮ್ಮ ಅಂಗಳಕ್ಕೆ ರಾಗಿನುಚ್ಚು ಚೆಲ್ಲುತ್ತಿದ್ದಳು. ಅದು ಹುಳ ತಿನ್ನುವ ಹಕ್ಕಿ ಎಂದೆ. ಈಗ ಗೊಬ್ಬರದ ಮಣ್ಣು ಹರಡಿ ನೀರು ಚಿಮುಕಿಸುತ್ತಾಳೆ. ಮೇಷ್ಟ್ರ ಹೆಂಡತಿ! ರೇಗಿದೆ.
"ನಿಮ್ಗೇನ್ ಬುಡಿ. ನಿಮ್ಮುನ್ನ ಯಾರೂ ಬಂಜೆ ಅನ್ನಕಿಲ್ಲ."
ಸ್ಕೂಲಿಗೆ ಹೊರಟುಬಿಟ್ಟೆ.

೧೯-೧೧, ಬೆಳಿಗ್ಗೆ
ಇಳಿಯಿತು. ನಮ್ಮ ಅಂಗಳಕ್ಕೆ! ಶಂಕರಮ್ಮ ಬಾಗಿಲಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು. ಸ್ಕೂಲ್ ಬೆಲ್ ಕೇಳಿಸಿತು. ಆದರೂ ನಾನೂ ಕೂತೆ.
ಅವ್ವ ನೋಡಿಬಿಟ್ಟಳು. "ನಮ್ಮನೆ ಅದೃಷ್ಟವ ಎಳಕಂಡ್ಲು, ಮಾಟಗಾತಿ!" ಓಡಿಸಲು ಕೋಲು ಎಸೆದಳು. ಹಕ್ಕಿಗೇ ತಗುಲಿತು. ಸತ್ತಿತು.
ಶಂಕರಮ್ಮ ಅಳಲಿಲ್ಲ. ಎತ್ತಿಕೊಂಡು ಹೋಗಿ ಗೋಡೆ ಮೇಲಿಂದ ಅವ್ವನ ಕೈಗೇ ಇಟ್ಟಳು. "ತಕಳಿ ಅತ್ತೆ. ನಿಮ್ದೇ ಆಯ್ತಲ್ಲ."
ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ನನಗೆ ಸಂತೋಷವಾಯಿತು. ಹೌದು, ಸಂತೋಷವೇ.

೩-೧೨
ಷಡಕ್ಷರಿಯ ಕೊನೆಯ ಮಗುವಿಗೆ ಜ್ವರ. ಶಂಕರಮ್ಮನ ಶಾಪವಂತೆ — ಅವ್ವ ಊರಿಗೆಲ್ಲ ಹೇಳಿದ್ದಾಳೆ. ಅವನು ಗುದ್ದಲಿ ಕಾವು ಹಿಡಿದು ಬಂದ. ನಾನು ಮಚ್ಚು ತೆಗೆದೆ. ಶಂಕರಮ್ಮ ನಡುವೆ ನಿಂತಳು. "ನನ್ನ ಇಲ್ಲಿಂದ ಕರ್ಕಂಡೋಗಿ."
ಯಳಂದೂರಿಗೆ ಟ್ರಾನ್ಸ್‌ಫರ್ ಕೇಳಿ ಬರೆದೆ.

೨೧-೧-೧೯೬೩, ಹನೂರು, ಬಸ್ಸಿನಲ್ಲಿ
ಆರ್ಡರ್ ಬಂತು. ಹೊರಟೆವು. ಮಗು ವಾಸಿಯಾಗಿ ಬೀದಿಯಲ್ಲಿ ಆಡುತ್ತಿತ್ತು. ಶಾಪ ಎಲ್ಲಿ ಹೋಯಿತೋ! ಹೊರಡುವಾಗ ಗೋಡೆಯಾಚೆ ನಿಂತಿದ್ದ ಅವ್ವನ ಕಡೆ ನಾನು ತಿರುಗಲಿಲ್ಲ. ಶಂಕರಮ್ಮ ಬೀದಿ ಸುತ್ತಿ ಹೋಗಿ ಕಾಲು ಮುಟ್ಟಿ ಬಂದಳು. ಕಣ್ಣು ಕೆಂಪಗಿತ್ತು. ಈಗ ಕೇಳಿದೆ — ಮತ್ತೇನು ಬೈದಳು?
"ಬೈನಿಲ್ಲ. ತಪ್ಪಾಯ್ತು ಕಣವ್ವ ಅಂದ್ರು."
"ಯಾರಿಗೆ?"
"ನಂಗೆ. ನಿಮ್ಗಲ್ಲ."
ನನಗಲ್ಲ. ಬಸ್ಸು ಹೊರಡಲು ಕಂಡಕ್ಟರ್ ಸೀಟಿ ಊದುತ್ತಿದ್ದಾನೆ. ಇಳಿಯಬೇಕು. ಹಿಂದಕ್ಕೆ ಹೋಗಿ ಕೇಳಬೇಕು ಅವ್ವನನ್ನು, ನಾನೇನು ನಿನ್ನ ಮಗ—